ಗುಂಪು ಕಟ್ಟಲಿ, ಆದರೆ ನಾಲ್ಕು ವಾರ ಕಾಯಲಿ

ಪ್ರಶ್ನೆ: ನಾವು ಭದ್ರಾವತಿಯ ನ್ಯೂ ಟೌನಿನಲ್ಲಿದ್ದೇವೆ. ನಮ್ಮ ಯಜಮಾನರಿಗೆ ಐವತ್ತು ದಾಟಿದೆ. ಮೊದಲು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ಈಗ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಬಹಳ ವರ್ಷಗಳಿಂದ ಅವರಿಗೆ ಬೈಪೋಲಾರ್ ಕಾಯಿಲೆ ಇದೆ. ಕೆಲವು ತಿಂಗಳು ಯಾರ ಮುಖವನ್ನೂ ನೋಡದೆ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಇನ್ನು ಕೆಲವು ಸಲ ರಾತ್ರಿಯೆಲ್ಲ ಎದ್ದು ಕೂತು ಏನೇನೋ ಯೋಜನೆ ಹಾಕುತ್ತಿದ್ದರು. ಶಿವಮೊಗ್ಗದ ಡಾಕ್ಟರು ಲಿಥಿಯಂ ಮಾತ್ರೆ ಕೊಟ್ಟ ಮೇಲೆ ಮೂರು ವರ್ಷದಿಂದ ಚೆನ್ನಾಗಿದ್ದಾರೆ.

ಈಗ ಒಂದು ಹೊಸ ಹಠ ಹಿಡಿದಿದ್ದಾರೆ. ಡಾಕ್ಟರ ಹತ್ತಿರ ಸರದಿಗೆ ಕಾಯುವಾಗ ಪರಿಚಯವಾದ ನಾಲ್ಕೈದು ಜನರನ್ನು ಸೇರಿಸಿಕೊಂಡು, ಹದಿನೈದು ದಿನಕ್ಕೊಮ್ಮೆ ಭಾನುವಾರ ನಮ್ಮ ಮನೆಯಲ್ಲೇ ಕೂತು ಕಷ್ಟಸುಖ ಮಾತಾಡಬೇಕಂತೆ. ಹಿಂದೊಮ್ಮೆ ಕಾಯಿಲೆ ಏರಿದಾಗ ಊರ ಮಕ್ಕಳಿಗೆಲ್ಲ ಉಚಿತ ಟ್ಯೂಷನ್ ಎಂದು ಬೋರ್ಡ್ ಬರೆಸಿ, ಸೊಸೈಟಿಯಲ್ಲಿ ಸಾಲ ಮಾಡಿ ಕುರ್ಚಿ-ಬೆಂಚು ತಂದು ಹಾಕಿದ್ದರು. ಆ ಸಾಲ ತೀರಿಸಲು ನನ್ನ ಬಳೆ ಮಾರಬೇಕಾಯಿತು. ಇದೂ ಅದೇ ಥರದ ಹುರುಪೋ ಏನೋ ಎಂದು ಎದೆ ಹೊಡೆದುಕೊಳ್ಳುತ್ತದೆ. ಅಲ್ಲದೆ, ಇವರೆಲ್ಲ ಕಾಯಿಲೆಯವರೇ. ಒಬ್ಬರ ದುಃಖ ಇನ್ನೊಬ್ಬರಿಗೆ ಅಂಟುವುದಿಲ್ಲವೇ? ಯಾರಾದರೂ ಮಾತ್ರೆ ಬಿಡಿ ಎಂದರೆ? ಸಾಯುವ ಮಾತಾಡಿದರೆ? ಮಗಳಿಗೆ ಗಂಡು ನೋಡುತ್ತಿದ್ದೇವೆ, ಅಕ್ಕಪಕ್ಕದವರ ಬಾಯಿಗೂ ಹೆದರಬೇಕು. ಬೇಡ ಎಂದರೆ ಅವರು ಮಂಕಾಗುತ್ತಾರೆ. ಏನು ಮಾಡಲಿ?

– ಹೆಸರು ಬೇಡ, ನ್ಯೂ ಟೌನ್, ಭದ್ರಾವತಿ

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ ಅಮ್ಮಾ. ಬಳೆ ಕಳೆದುಕೊಂಡವರು ಹುರುಪು ಕಂಡರೆ ಬೆಚ್ಚುವುದು ಸಹಜ. ಆದರೂ ನಿಮ್ಮ ಯಜಮಾನರ ಯೋಚನೆ ಒಳ್ಳೆಯದು ಎಂದೇ ನಾನು ಹೇಳುತ್ತೇನೆ. ಅದನ್ನು ಬೇಡ ಎನ್ನಬೇಡಿ. ಹಾಗೆಂದು ಬರುವ ಭಾನುವಾರವೇ ಶುರು ಮಾಡಲೂ ಬಿಡಬೇಡಿ.

ಮೊದಲು ಇದು ಕಾಯಿಲೆಯ ಹುರುಪೋ, ಅಲ್ಲವೋ ಎಂಬುದನ್ನು ನೋಡೋಣ. ಗಮನಿಸಬೇಕಾದ ಮೊದಲ ವಿಷಯ ನಿದ್ದೆ. ಉನ್ಮಾದ ಏರುವಾಗ ಮನುಷ್ಯ ಮೂರು ಗಂಟೆ ಮಲಗಿ ಎದ್ದರೂ ಸುಸ್ತೇ ಕಾಣುವುದಿಲ್ಲ. ಮಾತಿನ ವೇಗ ಹೆಚ್ಚುತ್ತದೆ, ಒಂದು ಮಾತು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತದೆ, ಅಡ್ಡ ಬಂದವರ ಮೇಲೆ ಸಿಡುಕು ಬರುತ್ತದೆ. ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಂದುಕೊಂಡದ್ದು ಈ ಕ್ಷಣವೇ ಆಗಬೇಕು. ಟ್ಯೂಷನ್ ಬೋರ್ಡಿನ ದಿನಗಳನ್ನು ನೆನಪಿಸಿಕೊಳ್ಳಿ, ಇವೆಲ್ಲ ಇದ್ದವಲ್ಲವೇ? ಈಗ ಇವೆಯೇ? ನೀವು ಬರೆದಿರುವುದರಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ. ಆದರೆ ದಿನವೂ ನೋಡುವವರು ನೀವು. “ಯೋಚನೆ ಚೆನ್ನಾಗಿದೆ. ನಾಲ್ಕು ವಾರ ಬಿಟ್ಟು ಶುರು ಮಾಡೋಣ, ಅಷ್ಟರಲ್ಲಿ ಡಾಕ್ಟರಿಗೂ ಹೇಳೋಣ” ಎಂದು ಅವರಿಗೆ ಹೇಳಿ ನೋಡಿ. ಆರೋಗ್ಯವಾಗಿರುವವರಿಗೆ ಕಾಯುವುದು ಬೇಸರ ತರಬಹುದು, ಆದರೆ ಅವರು ಕಾಯುತ್ತಾರೆ. ಕಾಯಿಲೆಯ ಹುರುಪಿಗೆ ಕಾಯಲು ಬರುವುದಿಲ್ಲ. ನಾಲ್ಕು ವಾರ ನಿದ್ದೆ ಸರಿಯಾಗಿದ್ದು ಯೋಚನೆಯೂ ಹಾಗೇ ಉಳಿದರೆ, ಅದು ಅವರ ಮನಸ್ಸಿನ ಆರೋಗ್ಯದಿಂದಲೇ ಹುಟ್ಟಿದ್ದು ಎಂದು ನಂಬಬಹುದು. ನಿದ್ದೆ ಕಡಿಮೆಯಾಗತೊಡಗಿದರೆ ಮಾತ್ರ ನಾಲ್ಕು ವಾರ ಮುಗಿಯಲಿ ಎಂದು ಕಾಯದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ದುಃಖ ಅಂಟುತ್ತದೆಯೇ ಎಂದು ಕೇಳಿದ್ದೀರಿ. ಒಂದೇ ಕಷ್ಟ ಪಟ್ಟವರು ಒಟ್ಟಿಗೆ ಕೂರುವುದು ಹೊಸ ವಿಷಯವಲ್ಲ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಪರಸ್ಪರ ಆಸರೆಯಾಗಿ ಕುಡಿತ ಬಿಟ್ಟದ್ದರಿಂದ ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿತು. 1937ರಲ್ಲಿ ಶಿಕಾಗೋದಲ್ಲಿ ಮನೋವೈದ್ಯ ಅಬ್ರಹಾಂ ಲೋ ಆಸ್ಪತ್ರೆಯಿಂದ ಹೊರಬಂದ ಮನೋರೋಗಿಗಳ ಗುಂಪು ಕಟ್ಟಿದರು. ಖಿನ್ನತೆ ಮತ್ತು ಬೈಪೋಲಾರ್ ಇರುವವರೇ ನಡೆಸುವ ಸಂಸ್ಥೆಯೊಂದು ಅದೇ ಊರಿನಲ್ಲಿ 1985ರಲ್ಲಿ ಶುರುವಾಯಿತು. ಅಷ್ಟು ದೂರ ಹೋಗುವುದೇ ಬೇಡ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ನಮ್ಮ ಕಡೆಯವರಿಗೆಲ್ಲ ಗೊತ್ತು. ಶಿಬಿರ ಮುಗಿಸಿ ಕುಡಿತ ಬಿಟ್ಟವರು ಊರಿಗೆ ಬಂದ ಮೇಲೆ ‘ನವಜೀವನ ಸಮಿತಿ’ಯಲ್ಲಿ ಸೇರುತ್ತಾರೆ. ಬಿಟ್ಟವನೇ ಬಿಡುವವನಿಗೆ ಆಸರೆ. ನಿಮ್ಮ ಯಜಮಾನರು ಕೇಳುತ್ತಿರುವುದೂ ಇದನ್ನೇ.

ಬೆಂಗಳೂರಿನಲ್ಲಿ ಇಂಥದೊಂದು ಗುಂಪಿನ ಜೊತೆ ನಾನು ಕೂತಿದ್ದೆ. ಒಂಬತ್ತು ಜನ, ದುಂಡಗೆ ಹಾಕಿದ ಕುರ್ಚಿಗಳು. ಪ್ರತಿಯೊಬ್ಬರೂ ಮೊದಲು ಹೇಳಬೇಕಾದದ್ದು ಎರಡೇ ಮಾತು: ಈ ವಾರ ಎಷ್ಟು ಹೊತ್ತು ನಿದ್ದೆ ಬಂತು, ಮಾತ್ರೆ ತಪ್ಪಿತೇ. ಒಬ್ಬ ಹುಡುಗ ನಗುನಗುತ್ತಾ, “ಬೆಳಗಿನ ಜಾವ ಮೂರಕ್ಕೇ ಎಚ್ಚರ ಆಗ್ತಿದೆ, ಎಷ್ಟು ಫ್ರೆಶ್ ಆಗಿರ್ತೀನಿ ಗೊತ್ತಾ” ಎಂದ. ಮನೆಯವರಿಗೆ ಅವನು ಗೆಲುವಾಗಿದ್ದಾನೆಂದೇ ಸಂತೋಷ. ಡಾಕ್ಟರನ್ನು ನೋಡಲು ಇನ್ನೂ ಒಂದು ತಿಂಗಳಿತ್ತು. ಎದುರಿಗೆ ಕೂತಿದ್ದ ಹಿರಿಯ ಹೆಂಗಸು ಮೆಲ್ಲಗೆ, “ಮರಿ, ನಂಗೂ ಹೀಗೇ ಶುರುವಾಗಿದ್ದು. ನಾಳೆನೇ ಡಾಕ್ಟ್ರಿಗೆ ಫೋನ್ ಮಾಡು” ಎಂದರು. ಅದೇ ಮಾತನ್ನು ಅಮ್ಮ ಹೇಳಿದ್ದರೆ ಅವನು ಸಿಡುಕುತ್ತಿದ್ದ. ಆಕೆ ಹೇಳಿದಾಗ ಮೊಬೈಲ್ ತೆಗೆದು ಅಪಾಯಿಂಟ್‌ಮೆಂಟಿಗೆ ನಂಬರ್ ಹುಡುಕಿದ. ಅಂದು ಆಕೆಯ ಮುಖದಲ್ಲಿ ಕಂಡ ಧೈರ್ಯವನ್ನೂ ನಾನು ಮರೆತಿಲ್ಲ. ವರ್ಷಗಟ್ಟಲೆ ಬರೀ ಆರೈಕೆ ಪಡೆಯುತ್ತಾ ಬಂದವರಿಗೆ ತಾನೂ ಒಬ್ಬರಿಗೆ ಆಗಿಬಂದೆ ಅನ್ನಿಸುವುದು ದೊಡ್ಡ ಬಲ. ನಿಮ್ಮ ಯಜಮಾನರ ಹಠದ ಹಿಂದೆ ಈ ಹಂಬಲ ಇರಬಹುದು.

ಹಾಗಂತ ಸುಮ್ಮನೆ ಸೇರಿ ಗೋಳು ತೋಡಿಕೊಂಡರೆ ಸಾಲದು. ಸ್ಪೇನಿನ ಬಾರ್ಸಿಲೋನಾದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಮಾತ್ರೆ ತೆಗೆದುಕೊಳ್ಳುತ್ತಾ ಸ್ಥಿಮಿತದಲ್ಲಿದ್ದ 120 ಬೈಪೋಲಾರ್ ರೋಗಿಗಳಲ್ಲಿ ಅರ್ಧ ಜನರನ್ನು ತಜ್ಞರು 21 ಸಲ ಗುಂಪಾಗಿ ಕೂರಿಸಿ ಕಾಯಿಲೆಯ ಲಕ್ಷಣ, ಮಾತ್ರೆ, ನಿದ್ದೆ, ದಿನಚರಿಗಳ ಬಗ್ಗೆ ಕ್ರಮವಾಗಿ ಕಲಿಸಿದರು. ಉಳಿದವರೂ ಗುಂಪಾಗಿಯೇ ಕೂತರು, ಆದರೆ ಪಾಠ ಇರಲಿಲ್ಲ, ಬರೀ ಮಾತು. ಎರಡು ವರ್ಷ ಹಿಂಬಾಲಿಸಿ ನೋಡಿದಾಗ ಕ್ರಮವಾಗಿ ಕಲಿತವರಲ್ಲಿ ಕಾಯಿಲೆ ಮರುಕಳಿಸಿದ್ದು ಕಡಿಮೆ. ಆದ್ದರಿಂದ ಪ್ರತಿ ಸಭೆಗೂ ಒಂದು ವಿಷಯ ಇರಲಿ. ಒಂದು ಭಾನುವಾರ ನಿದ್ದೆಯ ಬಗ್ಗೆ. ಮೂರು ಶಿಫ್ಟಿನ ಊರಿನಲ್ಲಿ ಬೆಳೆದ ನಿಮಗೆ ನೈಟ್ ಶಿಫ್ಟ್ ನಿದ್ದೆಯನ್ನು ಏನು ಮಾಡುತ್ತದೆಂದು ನಾನು ಹೇಳಬೇಕಿಲ್ಲ. ಬೈಪೋಲಾರ್ ಇರುವವರಿಗೆ ಅದು ಇನ್ನೂ ದುಬಾರಿ. ಇನ್ನೊಂದು ಭಾನುವಾರ ಲಿಥಿಯಂ ಬಗ್ಗೆ. ರಕ್ತದಲ್ಲಿ ಅದರ ಪ್ರಮಾಣ, ಕಿಡ್ನಿ, ಥೈರಾಯ್ಡ್ ಪರೀಕ್ಷೆಗಳನ್ನು ಡಾಕ್ಟರು ಹೇಳಿದ ಸಮಯಕ್ಕೆ ಮಾಡಿಸಬೇಕು. ವಾಂತಿ-ಭೇದಿಯಾದಾಗ, ಬೇಸಿಗೆಯಲ್ಲಿ ವಿಪರೀತ ಬೆವರಿ ನೀರು ಕಡಿಮೆಯಾದಾಗ ಅದರ ಪ್ರಮಾಣ ಏರಿ ಅಪಾಯವಾಗಬಹುದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಬ್ರೂಫೆನ್, ಡೈಕ್ಲೋಫಿನಾಕ್ ಥರದ ನೋವಿನ ಮಾತ್ರೆಗಳೂ ಅದನ್ನು ಏರಿಸುತ್ತವೆ. ಮಗದೊಮ್ಮೆ ಕಾನೂನಿನ ಬಗ್ಗೆ ಮಾತಾಡಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಮುಂದೆ ಹುಷಾರು ತಪ್ಪಿದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ನಿಲ್ಲಬೇಕು ಎಂದು ಚೆನ್ನಾಗಿರುವಾಗಲೇ ಬರೆದಿಡುವ ಹಕ್ಕು ಇದೆ. ನಿಮ್ಮ ಬಳೆಯಂಥ ಪ್ರಸಂಗ ಮತ್ತೆ ಬಾರದಂತೆ ದುಡ್ಡಿನ ವಿಷಯವನ್ನು ನೀವಿಬ್ಬರೂ ಈಗಲೇ ಮಾತಾಡಿಟ್ಟುಕೊಳ್ಳಿ. ಅವರಿಗೆ ಕಾಯಿಲೆ ಏರುವ ಲಕ್ಷಣ ಕಂಡರೆ ಪಾಸ್‌ಬುಕ್, ಎಟಿಎಂ ಕಾರ್ಡು ನಿಮ್ಮ ಹತ್ತಿರ ಇರಲಿ ಎಂದು ಅವರೇ ಒಪ್ಪಿ ಬರೆದುಕೊಡಲಿ.

ಇನ್ನು ನಿಯಮಗಳು. ಇವನ್ನು ಮೊದಲ ಸಭೆಯಲ್ಲೇ ಓದಿ, ಎಲ್ಲರೂ ಒಪ್ಪಬೇಕು.

ಯಾರ ಮಾತ್ರೆಯ ಬಗ್ಗೆಯೂ ಯಾರೂ ತೀರ್ಪು ಕೊಡಬಾರದು. “ನನಗೆ ಈ ಮಾತ್ರೆಯಿಂದ ಕೈ ನಡುಗುತ್ತಿತ್ತು, ಡಾಕ್ಟರಿಗೆ ಹೇಳಿದೆ” ಎನ್ನಬಹುದು. “ನೀನು ಬಿಟ್ಟುಬಿಡು” ಎನ್ನುವಂತಿಲ್ಲ. ನಾಟಿ ಔಷಧಿ, ದೇವರ ಪ್ರಶ್ನೆ, ಹರಕೆ ಅವರವರ ನಂಬಿಕೆ. ಮಾತ್ರೆ ಬಿಟ್ಟು ಇವನ್ನು ಮಾಡಿ ಎಂದು ಹೇಳಲು ಗುಂಪು ಜಾಗವಲ್ಲ.

ಸದಸ್ಯರ ನಡುವೆ ಸಾಲ, ಚೀಟಿ, ವ್ಯಾಪಾರ ಯಾವುದೂ ಬೇಡ. ಉನ್ಮಾದದಲ್ಲಿರುವವರಿಗೆ ಕೊಡುವ ಕೈ ಉದ್ದವಾಗುತ್ತದೆ, ಖಿನ್ನತೆಯಲ್ಲಿರುವವರಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಚಹಾದ ಖರ್ಚನ್ನೂ ಎಲ್ಲರೂ ಹಂಚಿಕೊಳ್ಳಲಿ.

ಒಳಗಿನ ಮಾತು ಹೊರಗೆ ಹೋಗಬಾರದು. ಇದಕ್ಕೆ ಒಂದೇ ವಿನಾಯಿತಿ: ಯಾರಾದರೂ ಸಾಯುವ ಮಾತಾಡಿದರೆ. ಅಂಥದ್ದನ್ನು ಗುಟ್ಟಾಗಿ ಇಡುವುದಿಲ್ಲ ಎಂದು ಮೊದಲೇ ಹೇಳಿಬಿಡಬೇಕು. ಸೇರುವಾಗಲೇ ಪ್ರತಿಯೊಬ್ಬರೂ ಮನೆಯ ಒಬ್ಬರ ಫೋನ್ ನಂಬರ್ ಬರೆದುಕೊಡಲಿ. ಅಂಥ ಮಾತು ಬಂದರೆ ಬುದ್ಧಿವಾದ ಹೇಳುತ್ತಾ ಕೂರಬಾರದು. ನೇರವಾಗಿ ಕೇಳಬೇಕು, ಒಬ್ಬಂಟಿಯಾಗಿ ಬಿಡಬಾರದು, ಮನೆಯವರನ್ನು ಕರೆಸಿ ಆಸ್ಪತ್ರೆಗೆ ಜೊತೆಯಲ್ಲಿ ಹೋಗಬೇಕು. ಏನು ಮಾಡಬೇಕೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಲಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕಾಯಿಲೆ ಜೋರಾಗಿರುವವರು ಸಭೆಗೆ ಬರುವ ಬದಲು ಡಾಕ್ಟರ ಹತ್ತಿರ ಹೋಗಲಿ. ಜೊತೆಗೆ ಇಬ್ಬರು ಹೋಗಲಿ. ಸ್ಥಿಮಿತಕ್ಕೆ ಬಂದ ಮೇಲೆ ಅವರ ಕುರ್ಚಿ ಅವರಿಗೇ.

ಕೊನೆಯದು ನಿಮ್ಮ ಯಜಮಾನರಿಗೇ ಹೇಳುವ ಮಾತು. ಗುಂಪು ಒಬ್ಬರದಾಗಬಾರದು. ಇಬ್ಬರು ಸಂಚಾಲಕರಿರಲಿ, ಮೂರು ತಿಂಗಳಿಗೊಮ್ಮೆ ಬದಲಾಗಲಿ. ಅವರಿಗೇ ಮಂಕು ಕವಿದ ದಿನ ಗುಂಪು ನಿಲ್ಲಬಾರದು, ಗುಂಪಿನ ಭಾರಕ್ಕೆ ಅವರೂ ಕುಸಿಯಬಾರದು. ಆರರಿಂದ ಹತ್ತು ಜನ, ಒಂದೂವರೆ ಗಂಟೆ ಸಾಕು. ಕಾರ್ಮಿಕ ಸಂಘಗಳನ್ನು ಕಂಡು ಬೆಳೆದ ಊರು ನಿಮ್ಮದು. ಸಭೆ ಕರೆಯುವುದು, ಸರದಿಯಲ್ಲಿ ಮಾತಾಡುವುದು, ಹೊಣೆ ಹಂಚುವುದು ಭದ್ರಾವತಿಯವರಿಗೆ ಯಾರೂ ಕಲಿಸಬೇಕಿಲ್ಲ. ಅವರು ಈ ಕ್ರಮಕ್ಕೆಲ್ಲ ಒಪ್ಪಿದರೆ ಅದೂ ಅವರ ಆರೋಗ್ಯದ ಗುರುತೇ.

ಆರಂಭದಲ್ಲಿ ಬಲ್ಲವರ ಬೆಂಬಲ ತೆಗೆದುಕೊಳ್ಳಿ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರಲೆಂದು ಸರ್ಕಾರ ‘ಮನೋಚೈತನ್ಯ’ ಕಾರ್ಯಕ್ರಮ ರೂಪಿಸಿದೆ. ಭದ್ರಾವತಿಯ ಆಸ್ಪತ್ರೆಯಲ್ಲಿ ದಿನ, ಸಮಯ ವಿಚಾರಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೂ ಕೇಳಬಹುದು. ತಿಂಗಳಿಗೊಮ್ಮೆ ಒಬ್ಬ ವೈದ್ಯರೋ ಆಪ್ತಸಲಹೆಗಾರರೋ ಬಂದು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಗುಂಪಿಗೆ ಬಲ. ತರಬೇತಿ ಪಡೆದ ಸಾಮಾನ್ಯ ಜನರೂ ಇದರಲ್ಲಿ ನೆರವಾಗಬಲ್ಲರು ಎಂಬುದನ್ನು ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಬೆಂಗಳೂರಿನ ‘ಸಮಾಧಾನ’ ಕೇಂದ್ರದಲ್ಲಿ ಸ್ವಯಂಸೇವಕರನ್ನು ಸಜ್ಜುಗೊಳಿಸಿ ತೋರಿಸಿದ್ದಾರೆ.

ಅಕ್ಕಪಕ್ಕದವರ ಮಾತಿಗೆ ಬರೋಣ. ಸಭೆ ನಿಮ್ಮ ಮನೆಯಲ್ಲಿ ಬೇಡ. ನಿಮಗೆ ಹಿಂಸೆ, ಬರುವವರಿಗೂ ಸಂಕೋಚ. ಭಾನುವಾರ ಖಾಲಿ ಇರುವ ಶಾಲೆಯ ಕೋಣೆಯೋ, ಯಾವುದಾದರೂ ಸಂಘದ ಕಟ್ಟಡವೋ ಕೇಳಿ ನೋಡಿ. ಬೋರ್ಡ್ ಬೇಕಿಲ್ಲ. ಹಾಗೆಂದು ಮನೋರೋಗವನ್ನು ಕಳಂಕವೆಂದು ಒಪ್ಪಿಕೊಂಡು ತಲೆ ತಗ್ಗಿಸಬೇಕಾಗಿಯೂ ಇಲ್ಲ. ನಿಮ್ಮ ಪಕ್ಕದ ಶಿವಮೊಗ್ಗದಲ್ಲೇ ಡಾ. ಅಶೋಕ್ ಪೈ ಅವರು ದಶಕಗಳ ಕಾಲ ಚಿಕಿತ್ಸೆ ಕೊಡುತ್ತಾ, ಪತ್ರಿಕೆಗಳಿಗೆ ಬರೆಯುತ್ತಾ, ‘ಕಾಡಿನ ಬೆಂಕಿ’ಯಂಥ ಸಿನಿಮಾಗಳ ಮೂಲಕವೂ ಮನಸ್ಸಿನ ಕಾಯಿಲೆಯನ್ನು ಮನೆಮಾತಾಗಿಸಿದರು. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಇಪ್ಪತ್ತರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾದವರು. ನಿಮ್ಮ ಬೀದಿಯಲ್ಲೂ ಅಂಥವರಿದ್ದಾರೆ, ಹೇಳಿಕೊಂಡಿಲ್ಲ ಅಷ್ಟೆ. ಮಗಳ ಸಂಬಂಧ ಮಾತಾಡುವಾಗ ಗಂಡಿನ ಕಡೆಯವರಿಗೆ ಯಾವಾಗ, ಎಷ್ಟು ಹೇಳಬೇಕೆಂಬುದನ್ನು ನೀವು ಮೂವರೂ ಕೂತು ನಿರ್ಧರಿಸಿ. ಸುಳ್ಳು ಮಾತ್ರ ಬೇಡ. ಮೂರು ವರ್ಷ ತಪ್ಪದೆ ಮಾತ್ರೆ ತೆಗೆದುಕೊಂಡು, ದುಡಿದು, ಮನೆ ನಡೆಸುತ್ತಿರುವ ತಂದೆಯ ಬಗ್ಗೆ ಆ ಹುಡುಗಿ ತಲೆಯೆತ್ತಿ ಹೇಳಬಹುದು.

ಇಷ್ಟೆಲ್ಲದರ ನಡುವೆ ನಿಮ್ಮ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಅಷ್ಟು ವರ್ಷ ಎಚ್ಚರವಿದ್ದು ಕಾದವರು ನೀವು. ಬೆಂಗಳೂರಿನಲ್ಲಿ ಡಾ. ನಿರ್ಮಲಾ ಶ್ರೀನಿವಾಸನ್ ಅವರು ರೋಗಿಗಳ ಮನೆಯವರಿಗಾಗಿಯೇ ‘ಆಮೆಂಡ್’ ಎಂಬ ಗುಂಪು ಕಟ್ಟಿದರು, ಏಕೆಂದರೆ ಮನೆಯವರ ದಣಿವಿನ ಬಗ್ಗೆ ಕೇಳುವವರೇ ಇರುವುದಿಲ್ಲ. ಆ ನಾಲ್ಕೈದು ಜನರ ಮನೆಗಳಲ್ಲೂ ನಿಮ್ಮಂಥ ಒಬ್ಬ ಹೆಂಡತಿಯೋ ತಾಯಿಯೋ ಅಣ್ಣನೋ ಇದ್ದಾರೆ. ತಿಂಗಳಿಗೊಮ್ಮೆ ನೀವೂ ಬೇರೆಯಾಗಿ ಸೇರಿ. ಅಲ್ಲಿ ಬಳೆಯ ಕಥೆ ಹೇಳಿ, ಅವರ ಕಥೆ ಕೇಳಿ.

ಸದ್ಯಕ್ಕೆ ಮಾಡಬೇಕಾದದ್ದು ಇಷ್ಟು. ಇಂದಿನಿಂದ ಅವರ ನಿದ್ದೆಯ ಹೊತ್ತನ್ನು ಅವರಿಗೆ ತಿಳಿಸಿಯೇ ಕ್ಯಾಲೆಂಡರಿನಲ್ಲಿ ಬರೆಯಿರಿ. ಮುಂದಿನ ಸಲ ಡಾಕ್ಟರನ್ನು ನೋಡಲು ನೀವೂ ಜೊತೆಗೆ ಹೋಗಿ. ಆ ಕ್ಯಾಲೆಂಡರನ್ನೂ ಈ ನಿಯಮಗಳನ್ನೂ ತೋರಿಸಿ, ಗುಂಪಿನ ಯೋಚನೆಯನ್ನು ಯಜಮಾನರ ಬಾಯಿಂದಲೇ ಹೇಳಿಸಿ. ಡಾಕ್ಟರು ಸರಿ ಎಂದರೆ ನೀವೂ ಮನಸಾರೆ ಸರಿ ಎನ್ನಿ. ಅವರಿಗೆ ಬೇಕಾಗಿರುವುದು ನಿಮ್ಮ ಒಪ್ಪಿಗೆ ಮಾತ್ರವಲ್ಲ, ನಿಮ್ಮ ನಂಬಿಕೆ ಕೂಡ. ಮೂರು ವರ್ಷದಲ್ಲಿ ಅವರು ಅದನ್ನು ಸಂಪಾದಿಸಿದ್ದಾರೆ.