ಶಾಂತಿಗೂ ಬೇಕು ಸಿಗ್ನಲ್: ಕೀನ್ಯಾ ಕಲಿಸಿದ ಸೂತ್ರಗಳು

2007ರ ಡಿಸೆಂಬರ್‌ನಲ್ಲಿ ಬಂದ ಚುನಾವಣಾ ಫಲಿತಾಂಶ ಕೀನ್ಯಾಕ್ಕೆ ಬೆಂಕಿ ಹಚ್ಚಿತು. ಎರಡು ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಜನ ಮನೆಮಠ ಬಿಟ್ಟು ಓಡಿದರು. ದ್ವೇಷ ಎಸ್ಸೆಮ್ಮೆಸ್‌ಗಳಲ್ಲೂ ಹರಡಿತು. ಅದಕ್ಕೆ ತಡೆ ಒಡ್ಡಲು ಕೆಲವರು ಎತ್ತಿಕೊಂಡದ್ದೂ ಅದೇ ಮೊಬೈಲನ್ನು. ಕಲಹದ ನಾಡಿನಲ್ಲಿ ಕೆಲಸಕ್ಕೆ ಇಳಿಯುವವರು ಗಮನಿಸಬೇಕಾದ್ದು ಇಷ್ಟು.

1. ಮೊದಲು ಜನ, ಆಮೇಲೆ ಆ್ಯಪ್. ಈಶಾನ್ಯ ಕೀನ್ಯಾದ ವಾಜಿರ್‌ನಲ್ಲಿ 1990ರ ದಶಕದ ಆರಂಭದ ಹೊತ್ತಿಗೆ ಸೊಮಾಲಿ ಕುಲಗಳ ಕಾದಾಟ ಸಂತೆಗೂ ನುಗ್ಗಿತ್ತು. ಬೇರೆ ಕುಲದವರಿಗೆ ಮಾರುವುದಿಲ್ಲ, ಅವರಿಂದ ಕೊಳ್ಳುವುದಿಲ್ಲ ಎಂಬ ಹಟ. ಅಲ್ಲಿನ ದೆಖಾ ಇಬ್ರಾಹಿಂ ಅಬ್ದಿ ಎಂಬಾಕೆ ಮತ್ತು ಜೊತೆಗಾರ್ತಿಯರು ನೇರ ಸಂತೆಗೇ ಹೋದರು. ಯಾರು ಬೇಕಾದರೂ ಮಾರಬಹುದು, ಕೊಳ್ಳಬಹುದು ಎಂದು ಹೆಂಗಸರನ್ನೆಲ್ಲ ಒಪ್ಪಿಸಿ, ಅದು ನಡೆಯುತ್ತಿದೆಯೇ ಎಂದು ನೋಡಿಕೊಳ್ಳಲು ತಮ್ಮವರನ್ನೇ ನಿಲ್ಲಿಸಿದರು. ಆಮೇಲೆ ಯುವಕರು, ವ್ಯಾಪಾರಿಗಳು, ಹಿರಿಯರು ಒಬ್ಬೊಬ್ಬರಾಗಿ ಸೇರಿಕೊಂಡರು. 1993ರಲ್ಲಿ ಕುಲಗಳ ಹಿರಿಯರು ಒಪ್ಪಂದಕ್ಕೆ ಬಂದರು. ಆಗ ಅಲ್ಲಿ ಮೊಬೈಲ್ ಇರಲಿಲ್ಲ. ಇಂಥ ಬುನಾದಿ ಇಲ್ಲದ ಕಡೆ ಎಷ್ಟು ಒಳ್ಳೆಯ ಸಾಫ್ಟ್‌ವೇರ್ ತಂದರೂ ದಂಡ.

2. ದೂರು ಬಂದರೆ ಹೊರಡುವವರು ಯಾರು? ದೂರು ಕಳಿಸುವ ನಂಬರ್ ಪ್ರಕಟಿಸುವ ಮುನ್ನವೇ ಇದು ತೀರ್ಮಾನವಾಗಿರಲಿ. 2008ರ ಜನವರಿಯಲ್ಲಿ ಕೆಲವು ಕೀನ್ಯನ್ನರು ಕಟ್ಟಿದ ‘ಉಷಾಹಿದಿ’, ಎಲ್ಲಿ ಏನಾಗುತ್ತಿದೆ ಎಂಬ ಜನರ ವರದಿಗಳನ್ನು ನಕ್ಷೆಯ ಮೇಲೆ ಗುರುತಿಸಿ ಜಗತ್ತಿಗೆ ತೋರಿಸಿತು. ದೊಡ್ಡ ಕೆಲಸವೇ ಸರಿ. ಆದರೆ ಎತ್ತಿದ ಮಚ್ಚನ್ನು ನಕ್ಷೆ ತಡೆಯುವುದಿಲ್ಲ. ‘ಪೀಸ್‌ನೆಟ್’ ಎಂಬ ಶಾಂತಿ ಸಂಘಟನೆಯವರು ಅದೇ ದಿನಗಳಲ್ಲಿ ಎಸ್ಸೆಮ್ಮೆಸ್ ಕೇಂದ್ರ ತೆರೆದು, ಬಂದ ಮಾಹಿತಿಯನ್ನು ಆಯಾ ಊರಿನ ಶಾಂತಿ ಸಮಿತಿಗಳಿಗೆ ದಾಟಿಸುತ್ತಿದ್ದರು. ನನ್ನ ಕೇಳಿದರೆ ಇದರದ್ದೇ ಒಂದು ಕೈ ಮೇಲು. ಫೋನ್ ಎತ್ತುವವರ ಹೆಸರು, ಅವರು ಸಿಗದಿದ್ದರೆ ಇನ್ನೊಬ್ಬರ ಹೆಸರು, ಗಾಡಿ ಮತ್ತು ಡೀಸೆಲ್ಲಿನ ಖರ್ಚು: ಎಲ್ಲವನ್ನೂ ಬರೆದಿಟ್ಟುಕೊಳ್ಳಿ.

3. ಖಾತ್ರಿಯಾಗದ್ದನ್ನು ಮುಂದಕ್ಕೆ ಕಳಿಸಬೇಡಿ. 2012ರ ಆಗಸ್ಟ್‌ನಲ್ಲಿ ಇಂಥವೇ ಸಂದೇಶಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದ್ದು ನಮಗೆ ಮರೆತಿಲ್ಲ. ಕನಿಷ್ಠ ಇಬ್ಬರನ್ನು ವಿಚಾರಿಸಿ. ಅವರಿಬ್ಬರೂ ಒಂದೇ ಪಂಗಡದವರಾಗದಿರಲಿ.

4. ವದಂತಿ ಹುಟ್ಟುವ ಮೊದಲೇ ಉತ್ತರ ಸಿದ್ಧವಿರಲಿ. 2013ರ ಚುನಾವಣೆಗೆ ಮುನ್ನ ‘ಸಿಸಿ ನಿ ಅಮಾನಿ’ ಸಂಘಟನೆ ಶಾಂತಿ ಸಂದೇಶಗಳ ಒಕ್ಕಣೆಯನ್ನು ಸ್ಥಳೀಯರ ಜೊತೆ ಕೂತು ರೂಪಿಸಿತ್ತು. ರಾಜಧಾನಿಯ ಕಚೇರಿಯಲ್ಲಿ ಬರೆದ ಉಪದೇಶವನ್ನು ಯಾರೂ ಓದುವುದಿಲ್ಲ.

5. ಮಾಹಿತಿ ಕೊಟ್ಟವರ ಹೆಸರು, ಫೋನ್ ನಂಬರ್ ಎಲ್ಲೂ ಹೊರಬೀಳಬಾರದು. ಅವರ ಜೀವದ ಪ್ರಶ್ನೆ.

6. ಕೆಲವು ಮಾತುಕತೆಗಳಿಗೆ ತಂತ್ರಜ್ಞಾನ ದೂರವಿದ್ದರೇ ಚೆನ್ನ. 2008ರ ಫೆಬ್ರುವರಿಯಲ್ಲಿ ಸಂಧಾನಕಾರ ಕೋಫಿ ಅನ್ನಾನ್ ಅಧ್ಯಕ್ಷ ಕಿಬಾಕಿ ಮತ್ತು ಎದುರಾಳಿ ಒಡಿಂಗಾ ಇಬ್ಬರ ಬಣದವರನ್ನೂ ನೈರೋಬಿಯಿಂದ ದೂರ, ತ್ಸಾವೊ ಕಾಡಿನ ಕಿಲಗುನಿ ಲಾಡ್ಜ್‌ಗೆ ಕರೆದೊಯ್ದರು. ಪತ್ರಕರ್ತರಿಗೆ ಪ್ರವೇಶವಿರಲಿಲ್ಲ. ಹೊರಗೆ ಕ್ಯಾಮೆರಾ ಕಾಯುತ್ತಿದ್ದರೆ ಯಾವ ರಾಜಕಾರಣಿಯೂ ಒಂದು ಹೆಜ್ಜೆ ಹಿಂದೆ ಇಡಲಾರ. ಫೆಬ್ರುವರಿ 28ರಂದು ಕಿಬಾಕಿ ಮತ್ತು ಒಡಿಂಗಾ ಅಧಿಕಾರ ಹಂಚಿಕೆಗೆ ಸಹಿ ಹಾಕಿದರು.

7. ಜನರ ಅಭಿಪ್ರಾಯ ಕೇಳಿದ ಮೇಲೆ ಅದು ಎಲ್ಲಿಗೆ ಮುಟ್ಟಿತು ಎಂದು ತಿಳಿಸಿ. 2020ರಲ್ಲಿ ವಿಶ್ವಸಂಸ್ಥೆ ಲಿಬಿಯಾದಲ್ಲಿ ಒಂದೊಂದು ಸಲಕ್ಕೆ ಸುಮಾರು ಸಾವಿರ ಜನರ ಜೊತೆ ಆನ್‌ಲೈನ್ ಸಂವಾದ ನಡೆಸಿತು. ಸಭಾಂಗಣದಲ್ಲಿ ಬಾಯಿ ಬಿಡಲು ಹೆದರುವವರೂ ಹೆಸರು ಹೇಳದೆ ಫೋನಿನಲ್ಲಿ ಮಾತಾಡಬಹುದು. ಈ ವಿಧಾನದ ಲಾಭ ಅದು. ನೆಟ್‌ವರ್ಕ್ ಇಲ್ಲದವರ ದನಿ ಮಾತ್ರ ಕೇಳಿಸದು. ಇನ್ನು ನಾಯಕರು ಕಿವಿಗೊಡದಿದ್ದರೆ ಯಾವ ಸಂವಾದವೂ ಅಲ್ಲಿಗೇ ನಿಲ್ಲುತ್ತದೆ. ಅಷ್ಟೆಲ್ಲ ಸಂವಾದ ನಡೆದರೂ ಲಿಬಿಯಾದಲ್ಲಿ 2021ರ ಡಿಸೆಂಬರ್ 24ಕ್ಕೆ ನಿಗದಿಯಾಗಿದ್ದ ಚುನಾವಣೆ ನಡೆಯಲೇ ಇಲ್ಲ.