ಟೈಮಿಂಗ್ ಇಲ್ಲದ ರೂಟು

ಚಿ. ಪುಟ್ಟಿಗೆ ತಾತ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಮಳೆ ಹಿಡಿದ ಮೇಲೆ ಅಜ್ಜಿಗೆ ಮಂಡಿನೋವು ಜಾಸ್ತಿ. ಅದನ್ನು ಅವಳೇ ಫೋನಿನಲ್ಲಿ ಸವಿಸ್ತಾರವಾಗಿ ಹೇಳಿರುತ್ತಾಳೆ. ಅವಳು ಹೇಳದೆ ಉಳಿಸಿದ ಸುದ್ದಿ ಒಂದಿದೆ. ನನಗೋ ಅದನ್ನು ಬಾಯಲ್ಲಿ ಹೇಳಲು ನಾಚಿಕೆ. ಅದಕ್ಕೇ ಈ ಕಾಗದ.

ಪುಣೆಗೆ ಹೊರಡುವಾಗ ಟಿ.ವಿ. ಕೆಳಗೆ ಬಿಟ್ಟುಹೋದ ಪ್ಲೇಸ್ಟೇಷನ್ನಿಗೆ ಧೂಳು ಹಿಡಿಯದ ಹಾಗೆ ನೋಡಿಕೋ ಅಂದಿದ್ದೆಯಲ್ಲ? ಹಿಡಿದಿಲ್ಲ. ಹಿಡಿಯಲು ಪುರಸೊತ್ತೇ ಕೊಟ್ಟಿಲ್ಲ. ಯುಗಾದಿ ಕಳೆದಾಗಿನಿಂದ ದಿನಾ ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ನಾನು ಅದರ ಮುಂದೆ. ನಿನ್ನ ಸೇವ್ ಯಾವುದನ್ನೂ ಮುಟ್ಟಿಲ್ಲ, ಹೆದರಬೇಡ. ಎದುರುಮನೆ ಹುಡುಗ ನನಗೆ ಬೇರೆ ಅಕೌಂಟ್ ಮಾಡಿಕೊಟ್ಟಿದ್ದಾನೆ.

ಮೊದಲ ವಾರ ಪಟ್ಟ ಪಾಡು ದೇವರಿಗೇ ಪ್ರೀತಿ. ಎಡ ಹೆಬ್ಬೆರಳಲ್ಲಿ ನಡೆಯಬೇಕು, ಬಲ ಹೆಬ್ಬೆರಳಲ್ಲಿ ಕತ್ತು ತಿರುಗಿಸಬೇಕು. ಮೂವತ್ತೊಂದು ವರ್ಷ ಬಸ್ಸು ಓಡಿಸಿದವನಿಗೆ ಕೈ, ಕಾಲು, ಕನ್ನಡಿ ಎಲ್ಲವನ್ನೂ ಒಟ್ಟಿಗೆ ಸಂಭಾಳಿಸುವುದು ಹೊಸದಲ್ಲ. ಆದರೂ ನನ್ನ ಆಳು ಗೋಡೆಗೆ ಮುಖ ಕೊಟ್ಟು ನಡೆಯುತ್ತಿದ್ದ, ಕ್ಯಾಮೆರಾ ಆಕಾಶ ನೋಡುತ್ತಿತ್ತು. ಒಂದು ದಿನ ತಲೆಸುತ್ತು ಬಂದು ನಿಂಬೆಹಣ್ಣು ಮೂಸುತ್ತಾ ಮಲಗಿಬಿಟ್ಟೆ, ಘಾಟಿಯಲ್ಲಿ ಹಿಂದಿನ ಸೀಟಿನವರು ಒರಗಿಕೊಳ್ಳುತ್ತಾರಲ್ಲ, ಹಾಗೆ. ಪ್ಯಾಸೆಂಜರ್ ಕಷ್ಟ ಏನೆಂದು ಅವತ್ತು ಗೊತ್ತಾಯಿತು.

ನೀನು ಮೊದಲು ನನ್ನ ಕೈಗೆ ಕೊಟ್ಟಿದ್ದು ಆ ಜಿ.ಟಿ.ಎ. ಫೈವ್. ನೆನಪಿದೆಯಾ? ಕೆಂಪು ದೀಪ ಬಿತ್ತು, ನಾನು ಕಾರು ನಿಲ್ಲಿಸಿದೆ. ನೀನು ಬಿದ್ದು ಬಿದ್ದು ನಕ್ಕೆ. "ತಾತ, ಇದು ಕಳ್ಳರ ಆಟ, ಇಲ್ಲಿ ಯಾರೂ ನಿಲ್ಲಿಸಲ್ಲ." ಪ್ರಪಂಚದಲ್ಲಿ ಇಪ್ಪತ್ತು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಆಟವಂತೆ. 2013ರಲ್ಲಿ ಬಂದದ್ದನ್ನು ಜನ ಇನ್ನೂ ಆಡುತ್ತಿದ್ದಾರೆ. ಮೊನ್ನೆ ನಾನೂ ಮತ್ತೆ ಹಾಕಿದೆ. ಲಾಸ್ ಏಂಜಲೀಸನ್ನೇ ನೋಡಿ ಕಟ್ಟಿದ ಊರು, ಅದಕ್ಕೆ ಲಾಸ್ ಸಾಂಟೋಸ್ ಎಂದು ಹೆಸರು. ಅಲ್ಲಿ ಒಂದು ಸಿಟಿ ಬಸ್ಸು ಕಂಡಿತು. ಕೈ ತಡೆಯಲಿಲ್ಲ, ಡ್ರೈವರನ್ನು ಇಳಿಸಿ ಹತ್ತಿದೆ. (ತಪ್ಪು ಅಂತ ಗೊತ್ತು. ಒಬ್ಬ ಡ್ರೈವರ್ ಇನ್ನೊಬ್ಬನಿಗೆ ಹಾಗೆ ಮಾಡಬಾರದು.) ಬಲಗಡೆ ಓಡಿಸುವ ಊರು, ಹೇಗೋ ಸಂಭಾಳಿಸಿಕೊಂಡು ಸ್ಟಾಪ್ ಬಂದಾಗಲೆಲ್ಲ ನಿಲ್ಲಿಸಿದೆ. ಒಬ್ಬ ಹತ್ತಲಿಲ್ಲ, ಒಬ್ಬ ಇಳಿಯಲಿಲ್ಲ. ಅಷ್ಟು ದೊಡ್ಡ ಊರಲ್ಲಿ ನನ್ನ ಬಸ್ಸು ಯಾರಿಗೂ ಬೇಕಿರಲಿಲ್ಲ. ಬೇಜಾರಾಗಿ ಸಮುದ್ರದ ಪಕ್ಕ ಬಿಟ್ಟು ಬಂದೆ. ಆ ಆಟ ನನಗೆ ಹಿಡಿಸಲಿಲ್ಲ. ಅಲ್ಲಿ ಎಲ್ಲರೂ ಎಲ್ಲರನ್ನೂ ಬೈಯುತ್ತಾರೆ, ಬೈಗುಳಕ್ಕೂ ಒಂದು ಸಂದರ್ಭ ಬೇಡವೇ?

ಹಿಡಿಸಿದ್ದು ಬೇರೆ. 'ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ' ಅಂತ ನೀನು ಡಿಸ್ಕ್ ಇಟ್ಟಿದ್ದೀಯಲ್ಲ, 2017ರದು, ಅದನ್ನು ಹಾಕಿದಾಗ ನಾಲ್ಕನೇ ಅಧ್ಯಾಯದ ಹೆಸರು ಪರದೆ ಮೇಲೆ ಬಂತು: ವೆಸ್ಟರ್ನ್ ಘಾಟ್ಸ್. ನಾನು ಕೂತಲ್ಲಿಂದ ನೆಟ್ಟಗಾದೆ. ಅಮೆರಿಕದ ನಾಟಿ ಡಾಗ್ ಕಂಪನಿಯವರು ಮಾಡಿದ ಆಟದಲ್ಲಿ ನಮ್ಮ ಪಶ್ಚಿಮಘಟ್ಟ! ಹೊಯ್ಸಳರಂತೆ, ಹಳೇಬೀಡಂತೆ, ಬೇಲೂರಂತೆ! ಆಟದ ನಾಯಕಿ ಕ್ಲೋಯಿ ಬಾಯಲ್ಲಿ ನಮ್ಮ ಜಿಲ್ಲೆಯ ಊರಿನ ಹೆಸರು ಕೇಳಿ ಅಜ್ಜಿಯನ್ನು ಕೂಗಿದೆ. ಅವಳು ಸೌಟು ಹಿಡಿದುಕೊಂಡೇ ಬಂದು ಎರಡು ನಿಮಿಷ ನೋಡಿ, "ಹಳೇಬೀಡಲ್ಲಿ ಇಷ್ಟು ದೊಡ್ಡ ಜಲಪಾತ ಎಲ್ಲಿದೆ?" ಎಂದು ಕೇಳಿ ಒಳಗೆ ಹೋದಳು.

ಅವಳು ಕೇಳಿದ್ದು ಸರಿಯೇ. ಹಳೇಬೀಡು ಬಯಲುಸೀಮೆಯ ಅಂಚಿನ ಊರು. ಕೆರೆ ಇದೆ, ರಾಗಿ ಇದೆ, ಜಲಪಾತ ಇಲ್ಲ. ಆಟದವರು ಬೆಟ್ಟವನ್ನೇ ಕಡಿದು ಆಕಾಶದೆತ್ತರದ ಮೂರ್ತಿಗಳನ್ನು ನಿಲ್ಲಿಸಿದ್ದಾರೆ. ನಮ್ಮ ಶಿಲ್ಪಿಗಳ ಗುಣ ಅದಲ್ಲ ಕಣೇ. ಅವರು ಹಿಡಿದದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿ. ಅದಕ್ಕೇ ಅದರಲ್ಲಿ ಬೆರಳುಗುರಿನಷ್ಟು ಮಣಿಯನ್ನೂ ಬಿಡಿಸಿ ಕೆತ್ತಲು ಸಾಧ್ಯವಾದದ್ದು. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದು. ಅಲ್ಲಿ ಬೆರಗಾಗಬೇಕಾದರೆ ತಲೆ ಎತ್ತಿದರೆ ಸಾಲದು, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಲ್ಲಬೇಕು. ಹಳೇಬೀಡಿನಲ್ಲಿ ತಳದ ಸಾಲಾನೆಗಳನ್ನು ನಿನಗೆ ಎತ್ತಿಕೊಂಡು ತೋರಿಸಿದ್ದೆ, ಒಂದರ ಹಾಗೆ ಇನ್ನೊಂದಿಲ್ಲ ಅಂತ. ನಿನಗೆ ಆಗ ನಾಲ್ಕು ವರ್ಷ, ಐಸ್‌ಕ್ಯಾಂಡಿ ಬೇಕು ಅಂತ ಅತ್ತೆ.

ಕ್ಲೋಯಿ ಹುಡುಕುವುದು ಗಣೇಶನ ಮುರಿದ ದಂತ. ಪರಶುರಾಮನ ಕೊಡಲಿಗೆ ಮುರಿಯಿತು ಎಂದು ಆಟದಲ್ಲಿ ಹೇಳುತ್ತಾರೆ. ಪುರಾಣದಲ್ಲಿ ಅದೂ ಇದೆ. ಆದರೆ ನಿನಗೆ ನಾನು ಹೇಳಿದ್ದು ಚಂದ್ರ ನಕ್ಕ ಕಥೆ, ನಿನ್ನ ಅಜ್ಜಿ ಹೇಳಿದ್ದು ಭಾರತ ಬರೆದ ಕಥೆ. ಮೂರಕ್ಕೂ ಜಾಗವಿರುವ ದೇವರು ಅವನು. ಇರಲಿ. ಗುಡಿ ಒಡೆದು ಒಳಗೆ ನುಗ್ಗಿ ಹುಡುಕುವವರನ್ನು ನಮ್ಮ ಕಡೆ ನಿಧಿಗಳ್ಳರು ಅಂತೀವಿ, ಪೊಲೀಸಿಗೆ ಹಿಡಿದುಕೊಡ್ತೀವಿ. ಇಲ್ಲಿ ನಾನೇ ನಿಧಿಗಳ್ಳಿಯಾಗಿ ಗೋಡೆ ಹತ್ತುತ್ತಿದ್ದೆ! 1311ರಲ್ಲೇ ಮಲಿಕ್ ಕಾಫೂರ್ ದೋರಸಮುದ್ರಕ್ಕೆ, ಅಂದರೆ ಇದೇ ಹಳೇಬೀಡಿಗೆ ಬಂದು ದೋಚಿಕೊಂಡು ಹೋಗಿದ್ದಾನಮ್ಮ, ಇನ್ನು ನಿನಗೆ ಏನು ಉಳಿದಿರುತ್ತೆ ಅಂತ ಅವಳಿಗೆ ಹೇಳಬೇಕೆನಿಸುತ್ತಿತ್ತು. ಕೊನೆಗೆ ಅವಳು ಸಿಕ್ಕಿದ್ದನ್ನು ಮಾರದೆ ಸರ್ಕಾರಕ್ಕೇ ಒಪ್ಪಿಸುವ ಮನಸ್ಸು ಮಾಡಿದಾಗ ಸಮಾಧಾನವಾಯಿತು.

ಆನೆಯ ಭಾಗವನ್ನು ಮಾತ್ರ ಸಕಲೇಶಪುರದವರಿಗೆ ತೋರಿಸಬೇಡ. ಕಲ್ಲಿನಡಿ ಸಿಕ್ಕಿಬಿದ್ದ ಕಾಡಾನೆಯನ್ನು ಬಿಡಿಸಿ, ಕ್ಲೋಯಿ ಮತ್ತು ಅವಳ ಗೆಳತಿ ನದೀನ್ ಇಬ್ಬರೂ ಅದರ ಮೇಲೆ ಹತ್ತಿ ಸವಾರಿ ಹೋಗುತ್ತಾರೆ. ಕಾಫಿ ತೋಟದವರು ಕಂಡರೆ ಟಿ.ವಿ. ಒಡೆದಾರು. ಮಾರನಹಳ್ಳಿ ಹತ್ತಿರ ಒಂದು ರಾತ್ರಿ ಆನೆ ರಸ್ತೆ ದಾಟುವವರೆಗೆ ಲೈಟು ಆರಿಸಿ, ಐವತ್ತು ಜನರನ್ನು ಉಸಿರು ಬಿಗಿಹಿಡಿಸಿ ಕೂರಿಸಿದವನು ನಾನು.

ಆದರೆ ಪುಟ್ಟಿ, ಈ ಎಲ್ಲ ತಪ್ಪುಗಳನ್ನು ಪಟ್ಟಿ ಮಾಡಿಕೊಳ್ಳುತ್ತಲೇ ಆ ನಾಲ್ಕನೇ ಅಧ್ಯಾಯವನ್ನು ಮೂರು ಸಲ ಆಡಿದೆ. ಕಾರಣ ಅದರಲ್ಲಿ ಓಡಿಸಲು ಸಿಗುವ ಜೀಪು. ಅಲ್ಲಿ ಕ್ಲೋಯಿ ಕಾಗದದ ಮ್ಯಾಪು ಬಿಡಿಸಿ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳುತ್ತಾಳೆ, ಮಿಕ್ಕಿದ್ದೆಲ್ಲ ನಮಗೆ ಬಿಟ್ಟದ್ದು. ಎಡಕ್ಕೆ ಹೋಗು, ಬಲಕ್ಕೆ ಹೋಗು, ಕೆಸರು ದಿಣ್ಣೆಯಲ್ಲಿ ಚಕ್ರ ಜಾರಿಸು, ಹೊಳೆಗೆ ಇಳಿಸು. ನಾನು ಎರಡು ದಿನ ಆಟದ ಕೆಲಸವನ್ನೇ ಮುಂದುವರಿಸಲಿಲ್ಲ. ಜಲಪಾತದ ಬುಡದಲ್ಲಿ ಜೀಪು ನಿಲ್ಲಿಸಿ, ಇಳಿದು, ಸುಮ್ಮನೆ ನಿಂತಿದ್ದೆ.

ನಿನಗೆ ಅರ್ಥವಾಗಲಿಕ್ಕಿಲ್ಲ, ಹೇಳುತ್ತೇನೆ. ಹಾಸನ-ಧರ್ಮಸ್ಥಳ ರೂಟಿನಲ್ಲಿ ನಾನು ಶಿರಾಡಿ ಘಾಟಿ ಎಷ್ಟು ಸಾವಿರ ಸಲ ಇಳಿದಿದ್ದೇನೋ ಲೆಕ್ಕವಿಲ್ಲ. ಮಳೆಗಾಲದಲ್ಲಿ ದೋಣಿಗಾಲ್ ದಾಟಿದ ಮೇಲೆ ಬಂಡೆ ಬಂಡೆಯಿಂದಲೂ ನೀರು. ಒಂದು ತಿರುವಿನಲ್ಲಿ, ಎಡಗಡೆ, ಬಿಳಿ ಸೀರೆ ಒಣಗಲು ಬಿಟ್ಟ ಹಾಗೆ ಒಂದು ಧಾರೆ ಬೀಳುತ್ತದೆ. ಸೆಕೆಂಡ್ ಗೇರಿನಲ್ಲಿ ಇಳಿಯುವಾಗ ಅದು ಕಾಣುವುದು ಹೆಚ್ಚೆಂದರೆ ನಾಲ್ಕು ಸೆಕೆಂಡು. ಆ ನಾಲ್ಕು ಸೆಕೆಂಡೂ ನನ್ನ ಕಣ್ಣು ಎದುರಿನ ಲಾರಿ ಮೇಲೆ ಇರಬೇಕು. ಕಿಟಕಿ ಪಕ್ಕದ ಪ್ಯಾಸೆಂಜರ್ "ಆಹಾ" ಅಂದಾಗ ಅದು ಬಂತು ಅಂತ ನನಗೆ ತಿಳಿಯುತ್ತಿತ್ತು. ನಿಲ್ಲಿಸೋಣ ಅಂದರೆ ಟೈಮಿಂಗ್ ಇದೆ, ಹಿಂದೆ ಕಂಡಕ್ಟರ್ "ರೈಟ್" ಅಂದಿದ್ದಾನೆ, ಕೆಳಗೆ ಗುಂಡ್ಯದಲ್ಲಿ ಟೀಗೆ ಕಾದ ಜನ ಇದ್ದಾರೆ. ದಾರಿ ಪೂರ್ತಿ ನನ್ನದು, ನಿಲ್ಲುವ ಜಾಗ ಒಂದೂ ನನ್ನದಲ್ಲ. ರಿಟೈರ್ ಆದ ಮೇಲೆ ಹೋಗಬಹುದಿತ್ತು, ನಿಜ. ಹೋಗಲಿಲ್ಲ. ಯಾಕೋ.

ಈಗ ಕುದುರೆಯ ವಿಷಯ.

'ರೆಡ್ ಡೆಡ್ ರಿಡೆಂಪ್ಶನ್ ಟೂ' ಶುರು ಮಾಡಿದ್ದು ಆಷಾಢದಲ್ಲಿ. 1899ರ ಅಮೆರಿಕ, ದರೋಡೆಕೋರರ ಗುಂಪು, ಆರ್ಥರ್ ಮಾರ್ಗನ್ ಅಂತ ಒಬ್ಬ ದೈತ್ಯ ದೇಹದ ಒರಟ. ಕುದುರೆಗೆ ಹೆಸರಿಡಬಹುದು ಅಂದರು, ಕೆಂಪು ಬಸ್ಸಿನ ನೆನಪಿಗೆ 'ಕೆಂಪಿ' ಎಂದಿಟ್ಟೆ, ಇಂಗ್ಲಿಷ್ ಅಕ್ಷರದಲ್ಲಿ. ದಿನಾ ಬೆಳಿಗ್ಗೆ ಡಿಪೋದಲ್ಲಿ ಗಾಜು ಒರೆಸಿ, ಟೈರು ಒದ್ದು ನೋಡಿ ಹೊರಡುತ್ತಿದ್ದವನಿಗೆ ಕುದುರೆಯ ಮೈ ಉಜ್ಜಿ, ಕ್ಯಾರೆಟ್ ತಿನ್ನಿಸಿ, ಕತ್ತು ತಟ್ಟುವುದು ಹೊಸ ಕೆಲಸ ಅನ್ನಿಸಲೇ ಇಲ್ಲ. ಹೀಗೆ ನೋಡಿಕೊಂಡಷ್ಟೂ ಅದು ನಮ್ಮ ಮಾತು ಹೆಚ್ಚು ಕೇಳುತ್ತದೆ. ಊಟಕ್ಕೆ ಕರೆದಾಗ "ಕುದುರೆಗೆ ಮೇವು ಹಾಕಿ ಬಂದೆ" ಅಂದೆ. ಎಮ್ಮೆ ಮಾರಿದಾಗ ಇಲ್ಲದ ಕಾಳಜಿ ಈಗ ಬಂತೇ ಎಂದು ಅಜ್ಜಿ ಕೇಳಿದಳು.

ಮೊದಲ ಕೆಂಪಿ ಸತ್ತಳು. ತಪ್ಪು ನನ್ನದೇ, ಬೆಟ್ಟದ ಇಳಿಜಾರಿನಲ್ಲಿ ಅವಸರ ಮಾಡಿದೆ. ಘಾಟಿ ಇಳಿಸುವಾಗ ಒಂದೇ ಒಂದು ದಿನವೂ ಅವಸರ ಮಾಡದವನು ಟಿ.ವಿ. ಮುಂದೆ ಮಾಡಿದೆ ನೋಡು. ಜೀನು ಬಿಚ್ಚಿ ಹೆಗಲ ಮೇಲೆ ಹೊತ್ತುಕೊಂಡು ಆರ್ಥರ್ ಕಾಲ್ನಡಿಗೆಯಲ್ಲಿ ಹೊರಟ. ಆ ದಿನ ಆಮೇಲೆ ಆಡಲಿಲ್ಲ.

ನೀನು ಇದರಲ್ಲಿ ಗುಂಡು ಹಾರಿಸುವುದೇ ಮಜಾ ಅಂದಿದ್ದೆ. ನನ್ನ ಕೈ ನಡುಗುವುದರಿಂದ ನಾನು ಗುಂಡು ಹಾರಿಸಿದ್ದು ಹೆಚ್ಚಾಗಿ ಮರಗಳಿಗೆ. ನನಗೆ ಮಜಾ ಬಂದದ್ದು ದಾರಿಯಲ್ಲಿ ಎದುರಾದವರಿಗೆ ನಮಸ್ಕಾರ ಹೇಳುವುದರಲ್ಲಿ. ಒಂದು ಬಟನ್ ಒತ್ತಿದರೆ ಆರ್ಥರ್ ಮಾತಾಡಿಸುತ್ತಾನೆ, ಅವರೂ ತಿರುಗಿ ಏನೋ ಅನ್ನುತ್ತಾರೆ. ಎದುರು ಬರುವ ಬಸ್ಸಿಗೆ ಕೈ ಎತ್ತದೆ ನಾನು ಯಾವತ್ತೂ ಹೋದವನಲ್ಲ. ಒಳ್ಳೆಯ ನಡತೆಗೆ ಒಂದು ಲೆಕ್ಕವೂ ಇದೆಯಂತೆ ಅದರಲ್ಲಿ, ನನ್ನದು ಬಹಳ ಮೇಲಿದೆ ಅಂತ ಎದುರುಮನೆ ಹುಡುಗ ಹೇಳಿದ. ದರೋಡೆಕೋರನ ವೇಷದಲ್ಲಿ!

ಆ ಆಟದ ಹುಲ್ಲು, ಕೆಸರು, ಮಂಜನ್ನು ನೋಡಿ ಇದನ್ನು ಮಾಡಿದವರು ಮನೆಗೆ ಹೋಗುತ್ತಿದ್ದರೇ ಇಲ್ಲವೇ ಎಂದು ಯೋಚಿಸಿದ್ದೆ. 2018ರಲ್ಲಿ ಆಟ ಬಿಡುಗಡೆಯಾಗುವ ಹೊತ್ತಿಗೆ ಆ ಕಂಪನಿಯ ಡ್ಯಾನ್ ಹೌಸರ್ ಎಂಬಾತ ವಾರಕ್ಕೆ ನೂರು ಗಂಟೆ ದುಡಿದೆವು ಅಂದು ಗದ್ದಲವಾಯಿತಂತೆ. ಅದು ಕಥೆ ಬರೆಯುವ ನಾಲ್ಕೇ ಜನರ ಮಾತು ಎಂದು ಆಮೇಲೆ ಸಮಜಾಯಿಷಿ ಕೊಟ್ಟನಂತೆ. ಡಬಲ್ ಡ್ಯೂಟಿ ಮಾಡಿದ ಮಾರನೇ ದಿನ ಸ್ಟೇರಿಂಗ್ ಹಿಡಿದವನಿಗೆ ಗೊತ್ತು ಅದರ ಬೆಲೆ. ನೀನೂ ಅದೇ ಕಂಪ್ಯೂಟರ್ ಲೈನಿನವಳು. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಈಗ ಆಫೀಸು ಬಿಟ್ಟೆ" ಅನ್ನುತ್ತೀಯ. ನಾನು ಇನ್ನೇನೂ ಹೇಳುವುದಿಲ್ಲ.

ಆರ್ಥರನಿಗೆ ಕ್ಷಯ ಅಂಟಿತು. ನಿನಗೆ ಗೊತ್ತೇ ಇದೆ, ನನಗೆ ಹೇಳದೆ ಬಚ್ಚಿಟ್ಟಿದ್ದೆ. ಮೀಟರ್ ಬಡ್ಡಿಯ ಸಾಲ ವಸೂಲಿಗೆ ಹೋಗಿ ಒಬ್ಬ ಬಡಪಾಯಿ ರೈತನನ್ನು ಹೊಡೆಯುತ್ತಾನೆ, ಆ ರೈತ ಕೆಮ್ಮುತ್ತಾ ಇವನ ಮುಖದ ಮೇಲೆ ರಕ್ತ ಕಾರುತ್ತಾನೆ. ಹೊಡೆಯುವ ಬಟನ್ ಒತ್ತಿದ್ದು ನಾನು, ಪುಟ್ಟಿ. ಒತ್ತದೆ ಮುಂದಕ್ಕೆ ಹೋಗಲು ಬಿಡುವುದಿಲ್ಲ ಆ ಆಟ. ಎಷ್ಟೋ ದಿನ ಆದ ಮೇಲೆ ಸೇಂಟ್ ಡೆನಿಸ್ ಎಂಬ ಊರಿನ ಬೀದಿಯಲ್ಲಿ ಕುಸಿದು ಬೀಳುತ್ತಾನೆ. ಡಾಕ್ಟರು ನೋಡಿ, ಬೆಚ್ಚಗಿನ ಒಣಹವೆಯ ಜಾಗಕ್ಕೆ ಹೋಗಿ ವಿಶ್ರಾಂತಿ ತಗೋ ಅನ್ನುತ್ತಾರೆ. ಹೇಳಲು ಅವರ ಹತ್ತಿರ ಬೇರೆ ಏನೂ ಇಲ್ಲ. 1882ರಲ್ಲೇ ಕಾಕ್ ಎಂಬ ವಿಜ್ಞಾನಿ ಆ ರೋಗದ ಕ್ರಿಮಿ ಯಾವುದೆಂದು ತೋರಿಸಿದ್ದರು, ಔಷಧಿ ಮಾತ್ರ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ.

ನನ್ನ ದೊಡ್ಡಣ್ಣನ ವಿಷಯ ನಿಮಗೆ ಯಾರಿಗೂ ಹೇಳಿಲ್ಲ. ನಾನು ಚಿಕ್ಕವನಿದ್ದಾಗ ಅವನನ್ನು ಮೈಸೂರಿನ ಪಿ.ಕೆ. ಸ್ಯಾನಿಟೋರಿಯಮ್ಮಿಗೆ ಸೇರಿಸಿದ್ದರು. ಮನೆಯಲ್ಲಿ ಅವನ ತಟ್ಟೆ, ಲೋಟ ಬೇರೆ, ಹಿತ್ತಲ ಕಟ್ಟೆ ಮೇಲೆ. ಕೆಮ್ಮು ಕೇಳಿದರೆ ಅಮ್ಮ ನಮ್ಮನ್ನು ಒಳಗೆ ಎಳೆದುಕೊಳ್ಳುತ್ತಿದ್ದಳು. ಅವನಿಗೆ ಇಂಜೆಕ್ಷನ್ ಸಿಕ್ಕಿತು, ಬದುಕಿದ, ನಿನ್ನ ಅಪ್ಪನ ಮದುವೆಯಲ್ಲಿ ಬಡಿಸಲು ನಿಂತವನು ಅವನೇ. ಆರ್ಥರ್ ಕೆಮ್ಮಿದಾಗ ನನಗೆ ಕೇಳಿದ್ದು ಹಿತ್ತಲ ಕೆಮ್ಮು. ಅಜ್ಜಿ ಬಂದು ಸೌಂಡು ಕಡಿಮೆ ಮಾಡಿ ಹೋದಳು. ಅವಳಿಗೂ ಗೊತ್ತು.

ಈಗ ಆರನೇ ಅಧ್ಯಾಯದಲ್ಲಿದ್ದೇನೆ. ಮ್ಯಾಪಿನಲ್ಲಿ ಮಿಷನ್ನಿನ ಹಳದಿ ಗುರುತು ಕಾಣುತ್ತಿದೆ, ನಾನು ಆ ಕಡೆ ಹೋಗುತ್ತಿಲ್ಲ. ಎರಡು ವಾರದಿಂದ ಆರ್ಥರ್ ಮೀನು ಹಿಡಿಯುತ್ತಿದ್ದಾನೆ. ಎರಡನೇ ಕೆಂಪಿ ದಡದಲ್ಲಿ ಹುಲ್ಲು ಮೇಯುತ್ತಿದ್ದಾಳೆ. ಇದೊಂದು ರೂಟಿನಲ್ಲಿ ನನಗೆ ಟೈಮಿಂಗ್ ಇಲ್ಲ, ಗುಂಡ್ಯದಲ್ಲಿ ಕಾಯುವವರೂ ಇಲ್ಲ.

ದೀಪಾವಳಿಗೆ ನೀನು ಬಂದಾಗ ಆ ಮಿಷನ್ ನೀನೇ ಆಡು, ನಾನು ಪಕ್ಕದಲ್ಲಿ ಕೂತಿರುತ್ತೇನೆ. ಬರುವಾಗ ಅಪ್ಪನ ಕಾರು ತೆಗೆದುಕೊಂಡು ಬಾ. ಅಷ್ಟು ಹೊತ್ತಿಗೆ ಧಾರೆ ಸಣ್ಣದಾಗಿರುತ್ತದೆ, ಪರವಾಗಿಲ್ಲ. ಓಡಿಸುವವಳು ನೀನು, ಎಡಗಡೆ ಕಿಟಕಿ ನನಗೆ. ನಿಲ್ಲಿಸು ಅಂದಾಗ ನಿಲ್ಲಿಸಬೇಕು. ಹಿಂದೆ ಲಾರಿ ಹಾರ್ನ್ ಹೊಡೆದರೂ ಸರಿ, ಇಂಡಿಕೇಟರ್ ಹಾಕಿ ಪಕ್ಕಕ್ಕೆ ತಗೋ.

ಇಂತಿ ನಿನ್ನ,
ತಾತ