ಸೇನೆಯ ನರ್ಸಿಂಗ್ ಅಸಿಸ್ಟೆಂಟ್‌ಗೆ ಊರಿನ ಆಸ್ಪತ್ರೆಯಲ್ಲಿ ಕೆಲಸ: ಎಲ್ಲಿಂದ ಶುರು ಮಾಡಬೇಕು?

ಬೆಂಗಳೂರಿನ ವಿಜಯನಗರ, ರಾಜಾಜಿನಗರ, ಕೆಂಗೇರಿ ಕಡೆಯ ದೊಡ್ಡ ಆಸ್ಪತ್ರೆಗಳ ಗೇಟಿನಲ್ಲಿ ಸೆಕ್ಯುರಿಟಿ ಸಮವಸ್ತ್ರ ತೊಟ್ಟ ಮಾಜಿ ಸೈನಿಕರು ಕಾಣಸಿಗುತ್ತಾರೆ. ಅದು ಮರ್ಯಾದೆಯ ಕೆಲಸವೇ. ಆದರೆ ಸೇನಾ ವೈದ್ಯಕೀಯ ದಳ, ಅಂದರೆ ಎಎಂಸಿಯಲ್ಲಿ ಹದಿನೈದು ವರ್ಷ ಡ್ರಿಪ್ ಹಾಕಿ, ಗಾಯ ಕಟ್ಟಿ, ಹಿಮದಲ್ಲಿ ಉಸಿರು ಕಟ್ಟಿದವರಿಗೆ ಆಮ್ಲಜನಕ ಕೊಟ್ಟು ಬಂದವರೂ ಅದೇ ಗೇಟಿನಲ್ಲಿ ನಿಂತರೆ ನಷ್ಟ ರೋಗಿಗಳಿಗೆ. ಅವರಿಗೆ ಕೆಲಸ ಗೊತ್ತು; ಹೊರಗಿನ ಆಸ್ಪತ್ರೆ ಕೇಳುವ ಕಾಗದ ಕೈಯಲ್ಲಿರುವುದಿಲ್ಲ. ಆ ಕಾಗದವನ್ನು ಜೋಡಿಸಿಕೊಳ್ಳುವ ಬಗೆ ಇಲ್ಲಿದೆ.

ಸೇವೆಯಲ್ಲಿರುವಾಗಲೇ

ಮೊದಲ ಕೆಲಸ, ನಿಮ್ಮ ಟ್ರೇಡ್‌ನಲ್ಲಿ ‘ಕ್ಲಾಸ್ ಒನ್’ ಕೋರ್ಸ್ ಮುಗಿಸಿಕೊಳ್ಳುವುದು. ಇದರ ಬೆಲೆ ಏನೆಂದು ಮುಂದೆ ಹೇಳುತ್ತೇನೆ. ಎರಡನೆಯದು, ಯಾವ ಮಿಲಿಟರಿ ಆಸ್ಪತ್ರೆಯಲ್ಲಿ, ಯಾವ ವಾರ್ಡಿನಲ್ಲಿ, ಎಷ್ಟು ಕಾಲ ಕೆಲಸ ಮಾಡಿದಿರಿ ಎಂಬುದಕ್ಕೆ ಅಲ್ಲಿನ ಅಧಿಕಾರಿಯಿಂದ ಬರಹದಲ್ಲಿ ಪತ್ರ ಪಡೆಯುವುದು. ಡಿಸ್ಚಾರ್ಜ್ ಬುಕ್‌ನಲ್ಲಿ ಟ್ರೇಡ್ ಹೆಸರು ಇರುತ್ತದೆಯೇ ಹೊರತು ನೀವು ಐಸಿಯುನಲ್ಲಿದ್ದಿರೋ ಯೂನಿಟ್‌ನ ತಪಾಸಣಾ ಕೊಠಡಿಯಾದ ಎಂಐ ರೂಮ್‌ನಲ್ಲಿದ್ದಿರೋ ತಿಳಿಯುವುದಿಲ್ಲ. ಊರಿಗೆ ಬಂದ ಮೇಲೆ ಲಖನೌದ ರೆಕಾರ್ಡ್ಸ್ ಕಚೇರಿಗೆ ಪತ್ರ ಬರೆದು ಕಾಯುವುದಕ್ಕಿಂತ, ಅಲ್ಲಿರುವಾಗಲೇ ಸಹಿ ಹಾಕಿಸಿಕೊಳ್ಳುವುದು ಸುಲಭ.

ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯವನ್ನು ಎಲ್ಲರೂ ಡಿಜಿಆರ್ ಎನ್ನುತ್ತಾರೆ. ನಿವೃತ್ತಿ ಹತ್ತಿರವಾದವರಿಗೆ ಅದು ತರಬೇತಿ ಕೋರ್ಸ್‌ಗಳನ್ನು ನಡೆಸುತ್ತದೆ. ಜವಾನರ, ಜೆಸಿಒಗಳ ಶುಲ್ಕವನ್ನು ಸರ್ಕಾರವೇ ಭರಿಸುತ್ತದೆ. ಯೂನಿಟ್ ಕಚೇರಿಯಲ್ಲಿ ಕೇಳಿ ಹೆಸರು ಕೊಡಿ. ಕೇಳದಿದ್ದರೆ ಯಾರೂ ಕರೆದು ಕೊಡುವುದಿಲ್ಲ.

ಯಾವ ಟ್ರೇಡ್, ಯಾವ ನೋಂದಣಿ

ಹೆಚ್ಚಿನವರು ಎಡವುವುದು ಇಲ್ಲೇ.

‘ಸಿಪಾಯಿ ಫಾರ್ಮಾ’ ಆಗಿದ್ದವರ ದಾರಿ ಸಲೀಸು. ಡಿ.ಫಾರ್ಮ ಅಥವಾ ಬಿ.ಫಾರ್ಮ ಓದಿ, ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡ ಮೇಲೇ ಆ ಹುದ್ದೆಗೆ ಸೇರಿದವರು ಅವರು. ನೋಂದಣಿ ಚಾಲ್ತಿಯಲ್ಲಿದೆಯೇ ನೋಡಿ, ಇಲ್ಲದಿದ್ದರೆ ನವೀಕರಿಸಿಕೊಂಡರೆ ಸಾಕು. ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನ ಕಚೇರಿ ವಿಜಯನಗರ ಎರಡನೇ ಹಂತದಲ್ಲೇ ಇದೆ. ಎಂಐ ರೂಮ್‌ನಲ್ಲಿ ವರ್ಷಗಟ್ಟಲೆ ಮಾತ್ರೆ ಕೊಟ್ಟ ನರ್ಸಿಂಗ್ ಅಸಿಸ್ಟೆಂಟ್‌ಗೆ ಮಾತ್ರ ಆ ಅನುಭವದ ಮೇಲೆ ಈ ನೋಂದಣಿ ಸಿಗುವುದಿಲ್ಲ. 1948ರ ಫಾರ್ಮಸಿ ಕಾಯ್ದೆ ಕೇಳುವುದು ಡಿಪ್ಲೊಮಾವನ್ನು.

ನರ್ಸಿಂಗ್ ಅಸಿಸ್ಟೆಂಟ್‌ಗಳ ವಿಷಯ ತುಸು ಕಷ್ಟದ್ದು. ‘ಸ್ಟಾಫ್ ನರ್ಸ್’ ಆಗಲು ಜಿಎನ್‌ಎಂ ಡಿಪ್ಲೊಮಾ ಅಥವಾ ಬಿ.ಎಸ್ಸಿ ನರ್ಸಿಂಗ್ ಓದಿ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಬೇಕು. ಸೇನೆಯ ತರಬೇತಿಯೊಂದೇ ಸಾಲದು. ಕೆಲವರು ಸೇನೆ ಕೊಡುವ ‘ಪದವಿಗೆ ಸಮಾನ’ ಪ್ರಮಾಣಪತ್ರ ಹಿಡಿದು ಬರುತ್ತಾರೆ. ತಾಂತ್ರಿಕ ವಿದ್ಯಾರ್ಹತೆ ಬೇಡದ ಗುಮಾಸ್ತಿಕೆಯಂಥ ಹುದ್ದೆಗಳಿಗೆ ಅದು ನಡೆಯುತ್ತದೆ, ನರ್ಸ್ ಹುದ್ದೆಗೆ ನಡೆಯುವುದಿಲ್ಲ. ಒಂದು ಅನುಕೂಲವಿದೆ: ನರ್ಸಿಂಗ್ ಅಸಿಸ್ಟೆಂಟ್ ಹುದ್ದೆಗೆ ಸೇರುವಾಗಲೇ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿರಬೇಕೆಂಬ ನಿಯಮವಿದೆ. ಆದ್ದರಿಂದ ಡಿಪ್ಲೊಮಾ ಬಾಗಿಲು ನಿಮಗೆ ತೆರೆದೇ ಇರುತ್ತದೆ. ನರ್ಸಿಂಗ್ ಕಾಲೇಜಿನಲ್ಲಿ ವಯೋಮಿತಿಯನ್ನು ಮೊದಲೇ ವಿಚಾರಿಸಿ.

ಸಂಸಾರ ಹೊತ್ತವರಿಗೆ ಮೂರು-ನಾಲ್ಕು ವರ್ಷ ಓದುವುದು ಭಾರ. ಅಂಥವರು ರಾಜ್ಯ ಪ್ಯಾರಾಮೆಡಿಕಲ್ ಮಂಡಳಿಯ ಡಿಪ್ಲೊಮಾಗಳನ್ನು ನೋಡಬಹುದು: ಲ್ಯಾಬ್, ಎಕ್ಸ್‌ರೇ, ಆಪರೇಷನ್ ಥಿಯೇಟರ್, ಡಯಾಲಿಸಿಸ್. ನನ್ನನ್ನು ಕೇಳಿದರೆ, ಆಪರೇಷನ್ ಥಿಯೇಟರ್ ಅಥವಾ ಡಯಾಲಿಸಿಸ್ ಆರಿಸಿಕೊಳ್ಳಿ ಎನ್ನುತ್ತೇನೆ. ಶಿಸ್ತು, ಶುಚಿ, ಎಣಿಕೆ ತಪ್ಪದ ಕೈ ಬೇಕಾದ ಕಡೆ ಸೈನಿಕನ ಅಭ್ಯಾಸ ನೇರವಾಗಿ ಒದಗುತ್ತದೆ. 2021ರಲ್ಲಿ ಬಂದ ಕೇಂದ್ರದ ಅಲೈಡ್ ಆರೋಗ್ಯ ವೃತ್ತಿಗಳ ಕಾಯ್ದೆ ಇಂಥ ಕೆಲಸಗಳಿಗೂ ನೋಂದಣಿಯನ್ನು ತಂದಿದೆ. ಹಾಗಾಗಿ ಮಾನ್ಯತೆ ಇಲ್ಲದ ಸಂಸ್ಥೆಯ ಆರು ತಿಂಗಳ ‘ಸರ್ಟಿಫಿಕೇಟ್’ಗೆ ದುಡ್ಡು ಸುರಿಯಬೇಡಿ.

ತಕ್ಷಣ ಸಿಗುವ ಕೆಲಸ

ಕ್ಲಾಸ್ ಒನ್ ಪ್ರಮಾಣಪತ್ರದ ಬೆಲೆ ಗೊತ್ತಾಗುವುದು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನಲ್ಲಿ. 2003ರಲ್ಲಿ ಶುರುವಾದ ಈ ಯೋಜನೆಯ ಪಾಲಿಕ್ಲಿನಿಕ್‌ಗಳಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಹುದ್ದೆಗೆ ಜಿಎನ್‌ಎಂ ಇಲ್ಲವೇ ಸೇನೆಯ ಕ್ಲಾಸ್ ಒನ್ ಕೋರ್ಸ್, ಎರಡರಲ್ಲಿ ಒಂದಿದ್ದು ಐದು ವರ್ಷದ ಅನುಭವ ಇರಬೇಕು. ಲ್ಯಾಬ್ ಟೆಕ್ನಿಷಿಯನ್, ಫಿಸಿಯೊಥೆರಪಿ ಹುದ್ದೆಗಳಿಗೂ ಸೇನೆಯ ಕ್ಲಾಸ್ ಒನ್ ನಡೆಯುತ್ತದೆ. ಗುತ್ತಿಗೆ ಕೆಲಸ, ನಿಜ; ಆದರೆ ಡಿಪ್ಲೊಮಾ ಓದುವವರೆಗೆ ಮನೆ ನಡೆಯುತ್ತದೆ, ಅನುಭವವೂ ಮುಂದುವರಿಯುತ್ತದೆ.

ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿಯನ್ನು ಮರೆಯಬೇಡಿ. ಕೇಂದ್ರದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ 10 ಮಾಜಿ ಸೈನಿಕರಿಗೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಕೇಂದ್ರದ ಇಎಸ್‌ಐ ನಿಗಮಕ್ಕೆ ಸೇರಿದ್ದು, ಅದರ ನೇಮಕಾತಿ ಪ್ರಕಟಣೆಗಳ ಮೇಲೆ ಕಣ್ಣಿಡಿ. ರಾಜ್ಯ ಆರೋಗ್ಯ ಇಲಾಖೆಯ ಅಧಿಸೂಚನೆಗಳಲ್ಲೂ ಮಾಜಿ ಸೈನಿಕರ ಕಾಲಂ ಇರುತ್ತದೆ. ಇವಕ್ಕೆಲ್ಲ ಮಾಜಿ ಸೈನಿಕರ ಗುರುತಿನ ಚೀಟಿ ಬೇಕು. ಸೈನಿಕ ಕಲ್ಯಾಣ ಇಲಾಖೆ ಇರುವುದು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯಲ್ಲಿ, ಎಲ್ಲರ ಬಾಯಲ್ಲಿ ಇಂದಿಗೂ ರೆಸಿಡೆನ್ಸಿ ರೋಡ್. ವಿಜಯನಗರದಿಂದ ನೇರಳೆ ಮಾರ್ಗದ ಮೆಟ್ರೊ ಹತ್ತಿ ಎಂ.ಜಿ. ರಸ್ತೆಯಲ್ಲಿ ಇಳಿದರೆ ಅಲ್ಲಿಂದ ದೂರವಿಲ್ಲ.

ಖಾಸಗಿ ಆಸ್ಪತ್ರೆಗೆ ಅರ್ಜಿ ಹಾಕುವಾಗ ರೆಸ್ಯೂಮೆಯಲ್ಲಿ ಯೂನಿಟ್ ಸಂಖ್ಯೆ ಬರೆದರೆ ಎಚ್‌ಆರ್‌ಗೆ ಏನೂ ತಿಳಿಯುವುದಿಲ್ಲ. ಎಷ್ಟು ಹಾಸಿಗೆಯ ಆಸ್ಪತ್ರೆ, ದಿನಕ್ಕೆ ಎಷ್ಟು ರೋಗಿಗಳು, ಯಾವ ಯಂತ್ರ ನಡೆಸಿದ್ದೀರಿ ಎಂದು ಬರೆಯಿರಿ. ಹೃದಯ ನಿಂತಾಗ ಮಾಡುವ ಮೊದಲ ಆರೈಕೆಯ ಬಿಎಲ್‌ಎಸ್ ಕಾರ್ಡ್ ಮಾಡಿಸಿಕೊಳ್ಳಿ. ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ನಿಮಗೆ ಕನ್ನಡ, ಹಿಂದಿ ಎರಡೂ ಬರುತ್ತವೆ ಎಂಬುದನ್ನು ಮೇಲೆಯೇ ಹಾಕಿ. ನಾಗರಬಾವಿಯ ಅಜ್ಜಿಗೂ ಪೀಣ್ಯದ ಬಿಹಾರಿ ಕಾರ್ಮಿಕನಿಗೂ ಅವರವರ ಮಾತಿನಲ್ಲೇ ವಿಚಾರಿಸುವವರು ವಾರ್ಡಿನಲ್ಲಿ ಬೇಕು.

ಅಮೆರಿಕದಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಗಳು ಸೇನಾ ಮೆಡಿಕ್‌ಗಳಿಗೆಂದೇ ಪ್ರತ್ಯೇಕ ಟೆಕ್ನಿಷಿಯನ್ ಹುದ್ದೆ ಮಾಡಿವೆ. ನಮ್ಮ ಖಾಸಗಿ ಆಸ್ಪತ್ರೆಗಳೂ ಹಾಗೆ ಯೋಚಿಸಿದರೆ ಲಾಭ ಅವಕ್ಕೇ.

ಬೋರ್ಡ್ ಹಾಕಬೇಡಿ

ಹಳ್ಳಿಗೆ ಮರಳಿದ ಕೆಲವರು ‘ಮಿಲಿಟರಿ ಡಾಕ್ಟ್ರು’ ಎನಿಸಿಕೊಂಡು ಇಂಜೆಕ್ಷನ್ ಕೊಡಲು ಕೂರುತ್ತಾರೆ. ಜನ ಒತ್ತಾಯಿಸುವುದೂ ಉಂಟು. ಆದರೆ ವೈದ್ಯರಾಗಿ ನೋಂದಾಯಿಸದೆ ಚಿಕಿತ್ಸೆ ಕೊಟ್ಟರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಡಿ ಒಂದು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ರಾಜ್ಯದಲ್ಲಿ ಕ್ಲಿನಿಕ್ ತೆರೆಯಲು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿಯೂ ಬೇಕು. ಸೇನೆಯಲ್ಲಿ ಡಾಕ್ಟರ್ ಪಕ್ಕದಲ್ಲಿದ್ದರು, ಜವಾಬ್ದಾರಿ ಅವರದಾಗಿತ್ತು. ಇಲ್ಲಿ ಒಂದು ಇಂಜೆಕ್ಷನ್ ಕೈಕೊಟ್ಟರೆ ಪಿಂಚಣಿಯೂ ಕೋರ್ಟಿಗೆ ಸುರಿಯಬೇಕಾದೀತು.

ಇನ್ನೂ ಸೇವೆಯಲ್ಲಿರುವವರು ಈ ಸಲ ರಜೆಗೆ ಬಂದಾಗ ಪಿಯುಸಿ ಅಂಕಪಟ್ಟಿ ಹುಡುಕಿಟ್ಟು, ಬೇಕಾದ ಕೋರ್ಸಿನ ಕಾಲೇಜಿಗೆ ಹೋಗಿ ವಯೋಮಿತಿ, ಶುಲ್ಕ ಕೇಳಿಕೊಂಡು ಬನ್ನಿ.